ಎರವಲು ನೀರು

ಸೀಗೇಪಾಳ್ಯದಲ್ಲಿ ಹೆಣ್ಣು ನೋಡಲು ಬರುತ್ತಾರೆಂದರೆ ಒಡವೆ ಎರವಲು ತರುವುದು ಯಾರಿಗೂ ನಾಚಿಕೆಯ ಸಂಗತಿಯಾಗಿರಲಿಲ್ಲ. ಒಂದು ಮನೆಯ ಎರಡೆಳೆ ಸರ, ಇನ್ನೊಂದು ಮನೆಯ ಜುಮುಕಿ, ಮತ್ತೊಬ್ಬರ ಪೆಟ್ಟಿಗೆಯ ರೇಷ್ಮೆ ಸೀರೆ, ಎಲ್ಲ ಸೇರಿ ಒಬ್ಬ ಹುಡುಗಿ ಕಾಫಿ ತಟ್ಟೆ ಹಿಡಿದು ನಡುಮನೆಗೆ ಬಂದು ನಿಲ್ಲುತ್ತಿದ್ದಳು. ನೋಡಲು ಬಂದವರಿಗೂ ಅದು ಗೊತ್ತಿರುತ್ತಿತ್ತು. ಅವರ ಮನೆಯ ಹೆಣ್ಣುಮಕ್ಕಳೂ ಹಾಗೆ ನಿಂತು ಬಂದವರೇ. ಕೊಟ್ಟವರು ಕೇಳುತ್ತಿರಲಿಲ್ಲ, ಇಸಕೊಂಡವರು ಮರೆಯುತ್ತಿರಲಿಲ್ಲ. ಹೆಪ್ಪಿಗೆ ಒಂದು ಲೋಟ ಮಜ್ಜಿಗೆಯನ್ನು ಮಾತ್ರ ದೀಪ ಹಚ್ಚಿದ ಮೇಲೆ ಕೊಡುತ್ತಿರಲಿಲ್ಲ. ಅದೊಂದು ಬಿಟ್ಟರೆ ಇದ್ದದ್ದನ್ನು ಇಲ್ಲ ಎನ್ನುವುದು ಊರಿನ ನಾಲಿಗೆಗೆ ಬರುತ್ತಿರಲಿಲ್ಲ. ಗೌರಮ್ಮನ ಮನೆಯ ಹಿತ್ತಿಲ ಬಾಗಿಲಂತೂ ಹಗಲು ಹೊತ್ತು ಅಗುಳಿ ಹಾಕಿದ್ದನ್ನು ಯಾರೂ ಕಂಡವರಿಲ್ಲ.

ಆದ್ದರಿಂದ ನಂಟಿನ ಯಂತ್ರ ಬಂದಾಗ ಆ ಊರಿನ ಹೆಂಗಸರು ಅದಕ್ಕೆ ಹೊಂದಿಕೊಂಡದ್ದೂ ಅದೇ ದಾರಿಯಲ್ಲಿ.

ಯಂತ್ರ ಇದ್ದದ್ದು ತಾಲ್ಲೂಕು ಊರಿನಲ್ಲಿ, ಕಿಟಕಿಯಿಲ್ಲದ ತಣ್ಣನೆಯ ಕಟ್ಟಡವೊಂದರಲ್ಲಿ. ಊರಿಗೆ ಬಂದದ್ದು ಅದರ ಸುದ್ದಿ ಮತ್ತು ಡಾಕ್ಟರ್ ಇಂದುಶೇಖರ್. ಆಗಿನ್ನೂ ಆತ ಮೀಸೆ ಸರಿಯಾಗಿ ಬಲಿಯದ ಹುಡುಗ. ಶಾಲೆಯ ಜಗಲಿಯ ಮೇಲೆ ನಿಂತು ಜನಕ್ಕೆ ತಿಳಿಯುವ ಹಾಗೆ ಹೇಳಲು ತುಂಬ ಪ್ರಯತ್ನಪಟ್ಟ. ನಾವು ತಿಂದದ್ದು, ಕುಡಿದದ್ದು ಮೈಯೊಳಗೆ ಒಡೆದು ಕೂಡಿ ಸಾವಿರಾರು ಬಗೆಯ ಸಣ್ಣ ಅಂಶಗಳಾಗುತ್ತವೆ, ಅವುಗಳಲ್ಲಿ ಮಿಕ್ಕದ್ದು ಮೂತ್ರದಲ್ಲಿ ಹೊರಕ್ಕೆ ಹೋಗುತ್ತದೆ. ಯಾವ ಅಂಶಕ್ಕೆ ಯಾವ ಕಾಯಿಲೆಯ ನಂಟು ಎಂದು ಒಂದೊಂದನ್ನೇ ಹಿಡಿದು ಪರೀಕ್ಷೆ ಮಾಡುತ್ತ ಕೂತರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮುಗಿಯದು. ಕಂಪ್ಯೂಟರಾದರೆ ಅದನ್ನು ಲೆಕ್ಕದಲ್ಲೇ ಊಹಿಸುತ್ತದೆ ಎಂದ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಸುಮ್ಮನೆ ಕೂತದ್ದನ್ನು ಕಂಡು ಒಂದು ಹೋಲಿಕೆ ಹುಡುಕಿದ.

"ಮದುವೆ ಮನೇಲಿ ಗುರುತಿಲ್ಲದೋನು ಒಬ್ಬ ಊಟಕ್ಕೆ ಕೂತಿದಾನೆ ಅಂತಿಟ್ಕೊಳ್ಳಿ. ಅವನು ಯಾರ ಪೈಕಿ ಅಂತ ಹೇಗೆ ಕಂಡುಹಿಡೀತೀರಿ? ಯಾರ ಪಕ್ಕ ಕೂತ, ಯಾರು ಅವನ ಎಲೆಗೆ ಇನ್ನೊಂದು ಹೋಳಿಗೆ ಹಾಕಿಸಿದರು, ಯಾರ ಜೊತೆ ಎದ್ದು ಕೈ ತೊಳಕೊಂಡ, ಅದನ್ನೇ ತಾನೆ ನೋಡೋದು? ನಮ್ಮ ಯಂತ್ರಾನೂ ಹಾಗೇನೆ. ಗುರುತಿಲ್ಲದ ಅಂಶ ಯಾವ ಗುರುತಿರೋ ಅಂಶದ ಪಕ್ಕ ಕೂರುತ್ತೋ ಅದರ ಕಾಯಿಲೇನೇ ಇದರ ಕಾಯಿಲೆ."

ಗೌರಮ್ಮನ ಗಂಡ ರಂಗಸ್ವಾಮಿ ಹಿಂದಿನ ಸಾಲಿನಿಂದ, "ಪಂಕ್ತಿ ತಪ್ಪಿ ಕೂತಿದ್ರೆ ಸಾ?" ಅಂದ. ಎಲ್ಲರೂ ನಕ್ಕರು. ಡಾಕ್ಟರೂ ನಕ್ಕ.

ಯಂತ್ರ ಕಲಿಯುತ್ತಲೇ ಇರುತ್ತದೆ ಎಂದೂ ಆತ ಹೇಳಿದ್ದ. ಇವತ್ತು ನೀರು ಕೊಟ್ಟವರಿಗೆ ಹತ್ತು ವರ್ಷದ ಮೇಲೆ ಕಾಯಿಲೆ ಬಂದರೆ ಯಂತ್ರ ಹಿಂದಕ್ಕೆ ಹೋಗಿ, ಅವರ ಹಳೆಯ ನೀರಿನಲ್ಲಿ ಏನಿತ್ತೆಂದು ನೋಡಿ, ತನ್ನ ನಂಟಿನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ. ಈ ಮಾತು ಮಾತ್ರ ಯಾರ ತಲೆಯಲ್ಲೂ ಉಳಿಯಲಿಲ್ಲ.

ನೀರು ಎಂದು ಹೆಸರಿಟ್ಟದ್ದು ಹೆಂಗಸರೇ. ಆಶಾ ಕಾರ್ಯಕರ್ತೆ ಬಾಟಲಿ ಕೊಟ್ಟು ಶಾಲೆಯ ಹಿಂದಕ್ಕೆ ಹೋಗಿ ಬನ್ನಿ ಎಂದರೆ ಒಬ್ಬಳೂ ಏಳಲಿಲ್ಲ. ಗಂಡಸರ ಕಣ್ಣೆದುರು ಬಾಟಲಿ ಹಿಡಿದು ಹೋಗುವ ಮಾನಗೆಟ್ಟವರು ಈ ಊರಲ್ಲಿಲ್ಲ ಎಂದರು. ಕೊನೆಗೆ, ಬೆಳಗ್ಗೆ ಮನೆಯಲ್ಲೇ ತುಂಬಿಸಿ ಹಿತ್ತಿಲ ಬಾಗಿಲಲ್ಲಿ ಇಡುವುದೆಂದೂ ಆಕೆ ಬಂದು ಎತ್ತಿಕೊಂಡು ಹೋಗುವುದೆಂದೂ ಆಯಿತು. ಬಾಟಲಿಯ ಮೇಲೆ ಹೆಸರಿರಲಿಲ್ಲ, ನಂಬರು ಮಾತ್ರ. ಗುಟ್ಟು ಕಾಯುವುದಕ್ಕೆಂದು ಸರ್ಕಾರ ಮಾಡಿದ ಏರ್ಪಾಡು ಅದು.

ವಾರ ಕಳೆಯುವುದರೊಳಗೆ ಫೋನಿಗೆ ಗುರುತು ಬರುತ್ತಿತ್ತು. ಹಸಿರಾದರೆ ನೆಮ್ಮದಿ. ಕೆಂಪಾದರೆ ಕಾಯಿಲೆಯ ಹೆಸರು, ಅದು ಬರುವ ಸಂಭವ ನೂರಕ್ಕೆ ಎಷ್ಟು ಎಂಬ ಅಂಕಿ, ಈಗಿನಿಂದಲೇ ತೆಗೆದುಕೊಳ್ಳಬೇಕಾದ ಮಾತ್ರೆ. ಸರ್ಕಾರ ಅದನ್ನು ತಂದದ್ದು ಮಾತ್ರೆಗಾಗಿ. ಜನ ಹಿಡಿದುಕೊಂಡದ್ದು ಬಣ್ಣವನ್ನು. ಜಾತಕ ಕೇಳುತ್ತಿದ್ದವರು ಗುರುತು ಕೇಳತೊಡಗಿದರು. ಗಣಕೂಟ ಸರಿಬರದಿದ್ದರೆ ಶಾಂತಿ ಮಾಡಿಸಬಹುದಿತ್ತು, ಕೆಂಪಿಗೆ ಶಾಂತಿಯಿರಲಿಲ್ಲ.

ಮೊದಲು ಕೆಂಪು ಬಂದದ್ದು ಕಾವ್ಯಳಿಗೆ. ರಂಗಸ್ವಾಮಿಯ ತಂಗಿ ರತ್ನಳ ಮಗಳು. ಕಿಡ್ನಿ ಎಂದು ಬರೆದಿತ್ತು. ಗಂಡಿನವರು ನೋಡಲು ಬರುವವರಿದ್ದರು. ಒಂದು ತಿಂಗಳ ಮೇಲೆ ಇನ್ನೊಮ್ಮೆ ನೀರು ಕೊಡಬಹುದೆಂಬ ನಿಯಮವಿದ್ದದ್ದರಿಂದ ರತ್ನ ಅತ್ತಿಗೆಯ ಹಿತ್ತಿಲ ಬಾಗಿಲಿಗೆ ಬಂದಳು. ಒಡವೆ ಕೇಳಲು ಬಂದವಳಂತೆಯೇ ಬಂದು, ರೇಷ್ಮೆ ಹುಳದ ಮನೆಯ ಹೊರಗೆ ಸೊಪ್ಪು ಕತ್ತರಿಸುತ್ತಿದ್ದ ಗೌರಮ್ಮನ ಪಕ್ಕ ಕುಕ್ಕರಗಾಲಲ್ಲಿ ಕೂತು ತಾನೂ ನಾಲ್ಕು ಕಡ್ಡಿ ಬಿಡಿಸಿ, ಆಮೇಲೆ ವಿಷಯಕ್ಕೆ ಬಂದಳು. ಗೌರಮ್ಮನ ಗುರುತು ಊರಿಗೇ ಗೊತ್ತಿತ್ತು. ಒಂದು ಚುಕ್ಕೆ ಕಪ್ಪಿಲ್ಲದ ಹಸಿರು.

ಗೌರಮ್ಮ ಯೋಚನೆ ಮಾಡಲಿಲ್ಲ. ಮಾಡಬೇಕೆಂದೂ ಅವಳಿಗೆ ಅನ್ನಿಸಲಿಲ್ಲ. "ಇದೇನ್ ಕಳ್ಕೊಳೋ ಪದಾರ್ಥವೇ, ದಿನಾ ಹೋಗಿ ಬೇಲಿ ಬುಡಕ್ಕೆ ಸುರಿಯೋದೇ ಅಲ್ವ" ಎಂದು ನಕ್ಕಳು. ಕಾವ್ಯಳಿಗೆ ಹಸಿರು ಬಂತು. ಮೊದಲಿನದು ಬಾಟಲಿ ಅದಲುಬದಲಾದದ್ದಿರಬೇಕೆಂದು ಯಂತ್ರ ತಾನೇ ತೀರ್ಮಾನಿಸಿ ಅಳಿಸಿಹಾಕಿತು. ಮದುವೆಯ ದಿನ ರತ್ನ ಅತ್ತಿಗೆಗೆ ಒಳ್ಳೆಯ ರವಿಕೆ ಕಣವಿಟ್ಟು ಮಡಿಲು ತುಂಬಿದಳು.

ಆಮೇಲೆ ಬರುವವರಿಗೆ ಗೌರಮ್ಮ ಇಲ್ಲ ಎನ್ನುವುದು ಹೇಗೆ? ಕಾಲು ಊದುವ ಹುಡುಗಿಯರು, ಮುಖ ಬಿಳಚಿದವರು, ತಾಯಿಗೋ ಅಜ್ಜಿಗೋ ಅದೇ ಕಾಯಿಲೆಯಿದ್ದವರು, ಸ್ವಂತ ನೀರು ಕೊಟ್ಟು ನೋಡುವ ಗೋಜಿಗೇ ಹೋಗದೆ ನೇರ ಈ ಬಾಗಿಲಿಗೆ ಬಂದರು. ಊರಿನ ಕೊಳವೆ ಬಾವಿಯ ನೀರು ಕೆಟ್ಟದ್ದೋ ಏನೋ, ಆ ಕಾಯಿಲೆ ಅಲ್ಲಿ ಮೊದಲಿನಿಂದಲೂ ಇತ್ತು. ಗೌರಮ್ಮನ ಹಸಿರು ಅಕ್ಕಪಕ್ಕದ ಊರುಗಳಿಗೂ ಸೊಸೆಯಾಗಿ ಹೋಯಿತು. ಅವಳಿಗೆ ಒಳಗೊಳಗೇ ಹೆಮ್ಮೆಯಿತ್ತು. ಹಸುವಿನ ಗಿಣ್ಣು ಹಂಚಿದ ಹಾಗೆ, ಮೈಯಲ್ಲಿ ದೇವರು ಕೊಟ್ಟದ್ದನ್ನು ಹಂಚುತ್ತಿದ್ದೇನೆ ಎಂದುಕೊಂಡಿದ್ದಳು.

ಹುಡುಗಿಯರೇನೋ ಗಂಡನ ಮನೆ ಸೇರಿದರು. ಅವರ ಫೋನಿನಲ್ಲಿ ಹಸಿರಿತ್ತು, ಮಾತ್ರೆಯ ಹೆಸರಿರಲಿಲ್ಲ.

* * *

ಗೌರಮ್ಮ, ರಂಗಸ್ವಾಮಿ ಸಾಕುತ್ತಿದ್ದದ್ದು ಬಿತ್ತನೆ ಗೂಡಿನ ಹುಳ. ನೂಲಿಗೆ ಹೋಗುವ ಗೂಡಲ್ಲ. ಚಿಟ್ಟೆ ಹೊರಬಂದು ಮೊಟ್ಟೆಯಿಟ್ಟು, ಆ ಮೊಟ್ಟೆ ರೈತರಿಗೆ ಹೋಗುವಂಥದ್ದು. ಅದಕ್ಕೆ ಮಡಿ ಜಾಸ್ತಿ. ಹುಳದ ಮನೆಯ ಹೊಸಲಿಗೆ ಸುಣ್ಣದ ಪುಡಿ, ಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಹುಳ ಹಣ್ಣಾಗಿ ಬಿದಿರು ತಟ್ಟಿಯ ಚಂದ್ರಂಕಿಗೆ ಏರಿ ಗೂಡು ಕಟ್ಟಿದ ಮೇಲೆ ಗೂಡು ಬಿತ್ತನೆ ಕೋಠಿಗೆ ಹೋಗುತ್ತದೆ. ಅಲ್ಲಿ ಮೊಟ್ಟೆಯಿಟ್ಟ ಪ್ರತಿ ತಾಯಿಚಿಟ್ಟೆಯನ್ನೂ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ತಾಯಿಯಿಂದ ಮೊಟ್ಟೆಗೆ ಇಳಿಯುವ ಗಂಟುರೋಗದ ಕಣ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಟ್ಟುಬಿಡುತ್ತಾರೆ.

ಆ ಕೋಠಿಯಲ್ಲಿ ಚಿಟ್ಟೆ ನೋಡುವ ಕೆಲಸದಲ್ಲಿದ್ದ ಯಶವಂತನಿಗೂ ಗೌರಮ್ಮನ ಮಗಳು ಸಿಂಚನಳಿಗೂ ಗೂಡು ಸಾಗಿಸುವ ದಿನಗಳಲ್ಲೇ ಮಾತು ಬೆಳೆದದ್ದು. ಎರಡೂ ಮನೆಯವರಿಗೆ ತಿಳಿದಾಗ ಯಾರೂ ಮುಖ ಸಿಂಡರಿಸಲಿಲ್ಲ. ಒಂದೇ ಕಸುಬು, ಒಂದೇ ಜನ. ನಿಶ್ಚಿತಾರ್ಥ ಆಯಿತು. ಲಗ್ನಪತ್ರಿಕೆ ಅಚ್ಚಿಗೆ ಕೊಡುವ ಮುಂಚೆ ಗುರುತು ಕಳಿಸಿಬಿಡಿ ಎಂದು ಬೀಗಿತ್ತಿ ಫೋನಿನಲ್ಲಿ ಹೇಳಿದಾಗ ಗೌರಮ್ಮ ಗಟ್ಟಿಯಾಗಿ ನಕ್ಕಳು. ಊರಿಗೆಲ್ಲ ಹಸಿರು ಕೊಟ್ಟ ಮನೆ ಇದು. ಮೈಕಟ್ಟಿನಲ್ಲಿ, ಮುಖದಲ್ಲಿ ತಾಯಿಯನ್ನೇ ಎರಕ ಹೊಯ್ದಂತಿದ್ದ ಹುಡುಗಿ ತನ್ನ ನೀರನ್ನೇ ಕೊಟ್ಟಳು.

ಕೆಂಪು ಬಂತು. ಕಿಡ್ನಿ. ನೂರಕ್ಕೆ ಎಂಬತ್ತೇಳು.

ಫೋನು ತಲೆಕೆಳಗೆ ಹಿಡಿದಿದ್ದೇನೋ ಎಂಬಂತೆ ಗೌರಮ್ಮ ಅದನ್ನು ತಿರುಗಿಸಿ ನೋಡಿದಳು. ಆಮೇಲೆ ತನ್ನ ನೀರನ್ನೂ ಕೊಟ್ಟು ಕಳಿಸಿದಳು. ಅದೂ ಕೆಂಪೇ ಬಂತು. ಐವತ್ತು ದಾಟಿದ ಹೆಂಗಸು, ಒಂದು ದಿನ ಜ್ವರವೆಂದು ಮಲಗಿದವಳಲ್ಲ, ಸೊಪ್ಪಿನ ಹೊರೆ ಈಗಲೂ ತಲೆಯ ಮೇಲೆ ಹೊತ್ತು ತರುವವಳು.

ಬೀಗಿತ್ತಿ ಜಗಳವಾಡಲಿಲ್ಲ. ಒಂದು ತಿಂಗಳ ಮೇಲೆ ಇನ್ನೊಂದು ಸಲ ನೋಡೋಣ, ಅಲ್ಲಿಯವರೆಗೆ ಅಚ್ಚಿಗೆ ಕೊಡುವುದು ಬೇಡ ಎಂದಳು, ಅಷ್ಟೆ. ಯಶವಂತ ಏನೆಂದ ಎಂದು ಗೌರಮ್ಮ ಮಗಳನ್ನು ಎರಡು ದಿನ ಕೇಳಿದಳು. ಮೂರನೆಯ ದಿನ ಸಿಂಚನ ಹುಳಕ್ಕೆ ಸೊಪ್ಪು ಹರಡುತ್ತಲೇ ಹೇಳಿದಳು.

"ನನ್ ಕೆಲಸವೇ ಅದಲ್ವ ಸಿಂಚು, ತಾಯಿನ ನೋಡಿ ಮೊಟ್ಟೆ ಬಿಡೋದು, ಅಂದ."

* * *

ತಾಲ್ಲೂಕಿನ ಕೇಂದ್ರಕ್ಕೆ ಗೌರಮ್ಮ ಒಬ್ಬಳೇ ಹೋದಳು. ಡಾಕ್ಟರ್ ಇಂದುಶೇಖರ್ ಈಗ ಅಲ್ಲಿಯ ಮುಖ್ಯಸ್ಥ, ಎರಡೂ ಕಿವಿಯ ಮೇಲೆ ಕೂದಲು ನರೆತಿತ್ತು. ಸೀಗೇಪಾಳ್ಯ ಎಂದ ಕೂಡಲೇ ಆತನ ಮುಖ ಅರಳಿತು. ಒಳಗೆ ಕರೆದು ಕೂರಿಸಿ, ಗೋಡೆಯಷ್ಟು ಅಗಲದ ಪರದೆಯ ಮುಂದೆ ನಿಂತ. ಪರದೆಯ ತುಂಬ ಚುಕ್ಕಿಗಳು, ಚುಕ್ಕಿಯಿಂದ ಚುಕ್ಕಿಗೆ ಜೇಡರ ಬಲೆಯಂತೆ ಎಳೆಗಳು. ಒಂದು ಕಡೆ ಅಂಶಗಳು, ಇನ್ನೊಂದು ಕಡೆ ಕಾಯಿಲೆಗಳು ಎಂದ. ಬೆರಳಿನಿಂದ ಒಂದು ಚುಕ್ಕಿ ಮುಟ್ಟಿದ. ಅದರಿಂದ ಕಿಡ್ನಿಯ ಚುಕ್ಕಿಗೆ ಹಗ್ಗದಷ್ಟು ದಪ್ಪನೆಯ ಎಳೆಯಿತ್ತು.

ಇದು ನಿಮ್ಮ ಊರಿನದೇ ಅಂಶ, ಬೇರೆ ಎಲ್ಲೂ ಇಷ್ಟಾಗಿ ಸಿಗುವುದಿಲ್ಲ ಎಂದು ವಿವರಿಸಿದ. ಹಿಂದೆ ಇದನ್ನು ನಿರಪಾಯ ಎಂದುಕೊಂಡಿದ್ದೆವು. ಕಳೆದ ಮೂರ್ನಾಲ್ಕು ವರ್ಷದಲ್ಲಿ ನಿಮ್ಮ ಕಡೆಯ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಕಿಡ್ನಿ ಸೋತು ಆಸ್ಪತ್ರೆಗೆ ಬರತೊಡಗಿದಾಗ ಯಂತ್ರ ಹಿಂದಕ್ಕೆ ಹೋಗಿ ನೋಡಿತು. ನಲವತ್ತು ಹೆಂಗಸರು, ಮದುವೆಗೆ ಮುಂಚಿನ ನೀರಿನಲ್ಲಿ ನಲವತ್ತು ಜನಕ್ಕೂ ಇದೇ ಅಂಶ, ಇದೇ ಪ್ರಮಾಣ. ಕಾಯಿಲೆ ಬಂದ ಮೇಲೆ ಮಾಯ. ಅಂದರೆ ಕಾಯಿಲೆಗೆ ಮುಂಚೆ ಕಾಣಿಸಿಕೊಂಡು, ಕಾಯಿಲೆ ಬರುತ್ತಲೇ ಹೋಗಿಬಿಡುವ ಅಂಶ. ಹೊರದೇಶದವರೂ ಇದನ್ನು ಓದಿ ಪತ್ರ ಬರೆದಿದ್ದಾರೆ. ಆತನ ದನಿಯಲ್ಲಿ, ಜಾತ್ರೆಯಲ್ಲಿ ದನಕ್ಕೆ ಬಹುಮಾನ ಗೆದ್ದು ತಂದವನ ಸಂತೋಷವಿತ್ತು.

ಗೌರಮ್ಮ ಆ ಹಗ್ಗದಂಥ ಎಳೆಯನ್ನೇ ನೋಡುತ್ತಿದ್ದಳು.

"ಆ ನಲವತ್ತೂ ನಾನೇ ಸ್ವಾಮಿ" ಅಂದಳು.

ಆತನಿಗೆ ಅರ್ಥವಾಗಲಿಲ್ಲ. ಅವಳು ಮೊದಲಿನಿಂದ ಹೇಳಿದಳು. ಹಿತ್ತಿಲ ಬಾಗಿಲು, ಬಾಟಲಿ, ಎರಡೆಳೆ ಸರದ ಹಾಗೆ ಕೈ ಬದಲಾಗುತ್ತಿದ್ದ ನೀರು. ಅವಳು ಹೇಳುತ್ತ ಹೋದಂತೆ ಆತನ ಬೆರಳು ಪರದೆಯಿಂದ ಕೆಳಗಿಳಿಯಿತು. ಆತ ಕುರ್ಚಿ ಎಳೆದುಕೊಂಡು ಕೂತ. ಯಂತ್ರಕ್ಕೆ ಇದು ಗೊತ್ತಾಗಲಿಲ್ಲವೇ ಎಂದು ಅವಳೇ ಕೇಳಿದಳು. ಆತ ಬಾಡಿದ ದನಿಯಲ್ಲಿ, ಒಂದೇ ಊರಿನವರು, ಒಂದೇ ಬಾವಿಯ ನೀರು ಕುಡಿದವರು, ಒಳಗೊಳಗೇ ಮದುವೆಯಾದವರು, ನೀರು ಒಂದೇ ಥರ ಇರುವುದು ಸಹಜ ಎಂದು ಯಂತ್ರಕ್ಕೆ ನಾವೇ ಹೇಳಿಕೊಟ್ಟಿದ್ದೆವು ಎಂದ. ಹಳೆಯ ಬಾಟಲಿಗಳನ್ನು ಮೂರು ತಿಂಗಳಿಗೇ ಚೆಲ್ಲಿಬಿಡುತ್ತಾರಂತೆ. ಈಗ ಆ ಹೆಂಗಸರ ನೀರು ತೆಗೆದು ನೋಡಿದರೂ ಬೇರೆಯೇ ಬರುತ್ತದೆ. ಕಾಯಿಲೆ ಬಂದ ಮೇಲೆ ಮಾಯವಾಯಿತೆಂದು ಯಂತ್ರ ಅದಕ್ಕೂ ಉತ್ತರ ಇಟ್ಟುಕೊಂಡಿದೆ.

"ನಾನಿದೀನಲ್ಲ. ಗಟ್ಟಿಮುಟ್ಟಾಗಿ ನಿಂತಿದೀನಲ್ಲ ನಿಮ್ಮೆದುರಿಗೆ."

"ನಲವತ್ತು ಜನದ ಮುಂದೆ ನೀವೊಬ್ಬರು ಲೆಕ್ಕಕ್ಕೆ ಬರಲ್ಲಮ್ಮ."

ಸರಿಪಡಿಸುವ ದಾರಿ ಒಂದೇ ಇತ್ತು. ಎರವಲು ಒಯ್ದವರು ಯಾರುಯಾರೆಂದು ಕೊಟ್ಟವಳೇ ಹೆಸರು ಹಿಡಿದು ಹೇಳಿದರೆ ಅವರ ನೀರನ್ನು ಲೆಕ್ಕದಿಂದ ಕಿತ್ತುಹಾಕಬಹುದು. ಎಳೆ ತಾನಾಗಿ ಕಡಿದುಹೋಗುತ್ತದೆ, ಸಿಂಚನಳ ಗುರುತು ಮರುದಿನವೇ ಹಸಿರಾಗುತ್ತದೆ. ಗೌರಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ಆತನೇ ಕೈ ಎತ್ತಿ ತಡೆದ.

"ಹೇಳೋಕೆ ಮುಂಚೆ ಒಂದು ಮಾತು. ಹಸಿರಿದ್ದೂ ಕಾಯಿಲೆ ಬಂದೋರಿಗೆ ಸರ್ಕಾರ ಪುಕ್ಕಟೆ ಡಯಾಲಿಸಿಸ್ ಕೊಡ್ತಿದೆ, ಯಂತ್ರದ ತಪ್ಪು ಅಂತ ಒಪ್ಕೊಂಡು. ಬೇರೆಯವರ ನೀರು ಕೊಟ್ಟಿದ್ದು ಅಂತ ಗೊತ್ತಾದ್ರೆ ಅದು ಅವತ್ತೇ ನಿಲ್ಲುತ್ತೆ. ಮನೆಗೆ ನೋಟೀಸು ಹೋಗುತ್ತೆ. ನಾನು ತಡೆಯೋಕಾಗಲ್ಲ."

ಗೌರಮ್ಮ ತೆರೆದ ಬಾಯನ್ನು ಮುಚ್ಚಿದಳು. ಹೊರಗೆ ಬರುವಾಗ ಆತ ಬಾಗಿಲವರೆಗೂ ಬಂದ. ಅವತ್ತು ಶಾಲೆಯ ಹತ್ತಿರ ಯಾರೋ ಒಬ್ಬರು ಪಂಕ್ತಿ ತಪ್ಪಿ ಕೂತರೆ ಎಂದು ಕೇಳಿದ್ದರಲ್ಲ ಎಂದ. ನಮ್ಮೆಜಮಾನ್ರು ಎಂದು ಹೇಳಿ ಅವಳು ಮೆಟ್ಟಿಲಿಳಿದಳು.

* * *

ಕಾವ್ಯ ಈಗ ತವರಿನಲ್ಲಿದ್ದಳು. ವಾರಕ್ಕೆ ಮೂರು ಸಲ ವ್ಯಾನು ಬಂದು ಕರೆದುಕೊಂಡು ಹೋಗಿ ರಕ್ತ ತೊಳೆಸಿ ತಂದು ಬಿಡುತ್ತಿತ್ತು. ಗಂಡನೇನೋ ಒಳ್ಳೆಯವನು, ಹಸಿರು ನೋಡಿಯೇ ತಂದದ್ದು, ಇದು ನಮ್ಮ ಹಣೆಬರಹ ಎಂದುಕೊಂಡು ಮಗನನ್ನು ಶಾಲೆಗೆ ಕಳಿಸಿಕೊಂಡು ಅಲ್ಲಿದ್ದ. ಗೌರಮ್ಮ ಹೋದಾಗ ಅವಳು ಜಗಲಿಯ ಕಂಬಕ್ಕೆ ಒರಗಿ ಕೂತು ಕಡ್ಲೆಕಾಯಿ ಬಿಡಿಸುತ್ತಿದ್ದಳು. ತನಗೆ ತಿನ್ನಲು ಬಾರದು, ಬಿಡಿಸಲಾದರೂ ಆಗುತ್ತದಲ್ಲ ಎಂದು ನಗಾಡಿದಳು. ಸೂಜಿ ಚುಚ್ಚುವ ಕೈಯ ನರ ಹುರಿಹಗ್ಗದಂತೆ ಉಬ್ಬಿತ್ತು.

ಅವಳ ಮೊದಲ ನೀರು, ಸ್ವಂತ ನೀರು, ಹೇಳಿದ್ದು ನಿಜವಾಗಿತ್ತು. ಆವತ್ತೇ ಮಾತ್ರೆ ಶುರು ಮಾಡಿದ್ದರೆ ಇನ್ನೂ ಇಪ್ಪತ್ತು ವರ್ಷ ಇದರ ಸುದ್ದಿಯಿರುತ್ತಿರಲಿಲ್ಲ ಎಂದು ಆಸ್ಪತ್ರೆಯವರು ಯಾರಿಗೋ ಹೇಳುತ್ತಿದ್ದದ್ದನ್ನು ಗೌರಮ್ಮ ಒಮ್ಮೆ ಕೇಳಿಸಿಕೊಂಡಿದ್ದಳು.

ಕೇಂದ್ರದಲ್ಲಿ ನಡೆದದ್ದನ್ನು ಅವಳು ರತ್ನಳಿಗೆ ಒಲೆಯ ಮುಂದೆ ಮೆಲ್ಲಗೆ ಹೇಳಿದಳು. ರತ್ನ ಹಿಟ್ಟಿನ ದೊಣ್ಣೆ ತಿರುವುವುದನ್ನು ನಿಲ್ಲಿಸಲಿಲ್ಲ. ಮುದ್ದೆ ಗಂಟಾಗದಂತೆ ಕೂಡಿಸಿ, ಇಳಿಸಿ, ಆಮೇಲೆ ತಿರುಗಿದಳು.

"ಹೇಳ್ಬಿಡು ಅತ್ಗೆ. ನಿನ್ ಮಗಳಲ್ವ, ನಾನ್ಯಾಕೆ ಬೇಡ ಅನ್ಲಿ. ವ್ಯಾನು ಬರದಿದ್ರೆ ನಾನು ನಿನ್ ಬಾಗಿಲಿಗೇನು ಬರಲ್ಲ." ಸೆರಗಿನಿಂದ ಮುಖದ ಬೆವರು ಒರೆಸಿಕೊಂಡು ಮತ್ತೆ ಅಂದಳು: "ನಾನು ಕೇಳಿದ್ದು ದಿಟ. ನೀನು ಒಂದ್ಸಲ ಇಲ್ಲ ಅಂದಿದ್ರೆ ಇವತ್ತು ನನ್ ಮಗಳು ಮದ್ವೆ ಇಲ್ದೆ ಮನೇಲೇ ಇದ್ದಿರೋಳು. ಇರೋಳು ಕಣತ್ಗೆ, ಗಟ್ಟಿ ಜೀವದಲ್ಲಿ ಇರೋಳು."

ಜಗಲಿಯಿಂದ ಕಡ್ಲೆಕಾಯಿ ಒಡೆಯುವ ಸದ್ದು ಸ್ವಲ್ಪ ಹೊತ್ತು ನಿಂತು, ಮತ್ತೆ ಶುರುವಾಯಿತು. ಬರುವಾಗ ಕಾವ್ಯ, "ಸಿಂಚು ಮದ್ವೆಗೆ ನಾನು ಬರೋ ಹಂಗಿರಬೇಕು ಕಣತ್ತೆ, ಬೇಗ ಇಟ್ಕೊಳ್ಳಿ" ಅಂದಳು. ಎಷ್ಟು ಕೇಳಿಸಿಕೊಂಡಿದ್ದಳೋ, ಯಾವ ಅರ್ಥದಲ್ಲಿ ಅಂದಳೋ, ಗೌರಮ್ಮನಿಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ.

ಮನೆಯಲ್ಲಿ ಸಿಂಚನ ಎಲ್ಲವನ್ನೂ ಕೇಳಿದಳು. ಅಳಲಿಲ್ಲ. ರಂಗಸ್ವಾಮಿ ಬೀಡಿ ಹುಡುಕಿಕೊಂಡು ಆಚೆಗೆ ಹೋದ. ಕಾವ್ಯಕ್ಕನ ಹೆಸರು ಹೇಳಬೇಡ, ಯಾರ ಹೆಸರೂ ಹೇಳಬೇಡ ಎಂದು ಸಿಂಚನಳೇ ಅಂದಳು. ಗೌರಮ್ಮ ಮಗಳ ತಲೆ ನೇವರಿಸಲು ಕೈ ಚಾಚಿದಾಗ ಮಾತ್ರ ಅವಳು ತಲೆಯನ್ನು ಪಕ್ಕಕ್ಕೆ ತೆಗೆದುಕೊಂಡಳು.

"ನೀನು ಊರಿಗೆಲ್ಲ ಕೊಟ್ಟಿದ್ದು ನಿನ್ನೊಬ್ಬಳದ್ದಲ್ಲ ಅವ್ವ. ನನ್ ಮೈಯೊಳಗೂ ಅದೇ ಹರೀತಿದೆ. ಕೊಡೋವಾಗ ನನ್ನ ಕೇಳಿದ್ಯಾ?"

ಆಗ ಅವಳಿಗೆ ಎಂಟು ವರ್ಷ.

* * *

ತಿಂಗಳು ತುಂಬುತ್ತ ಬಂತು. ನಾಳೆ ಬೆಳಗ್ಗೆ ಆಶಾ ಕಾರ್ಯಕರ್ತೆ ಸಿಂಚನಳ ಬಾಟಲಿಗೆ ಬರುವವಳಿದ್ದಳು. ಗೌರಮ್ಮ ಹುಳಕ್ಕೆ ಸಂಜೆಯ ಸೊಪ್ಪು ಕೊಟ್ಟು, ಕೈಕಾಲು ತೊಳೆದು, ಬಾಟಲಿಯನ್ನು ಸೆರಗಿನೊಳಗೆ ಹಿಡಿದು ಹೊರಟಳು. ಯಾರ ಮನೆಗೂ ಅವಳು ಕೇಳಿಕೊಂಡು ಹೋದವಳಲ್ಲ. ಹಿತ್ತಿಲ ದಾರಿಗಳು ಅವಳ ಕಾಲಿಗೆ ಪರಿಚಯವಿರಲಿಲ್ಲ. ಒಂದು ಕಡೆ ತಿಪ್ಪೆ ತುಳಿದಳು.

ಮೂಲೆಮನೆಗೆ ಮೂರು ವರ್ಷದ ಹಿಂದೆ ಬಂದ ಸೊಸೆ ದಿವ್ಯ. ದೂರದ ಊರಿನವಳು. ಅವಳ ಗುರುತು ಈಗ ಊರಿನಲ್ಲಿ ಎಲ್ಲಕ್ಕಿಂತ ಹಸಿರು ಎಂದು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಕಂಕುಳಲ್ಲಿ ಎರಡು ವರ್ಷದ ಮಗಳನ್ನು ಎತ್ತಿಕೊಂಡೇ ಅವಳು ಬಾಗಿಲಿಗೆ ಬಂದಳು. ಗೌರಮ್ಮ ಏನು ಹೇಳುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಯಾವುದೂ ಬೇಕಾಗಲಿಲ್ಲ. ಬಾಟಲಿ ಕಂಡೇ ದಿವ್ಯ ನಕ್ಕಳು.

"ಇದಕ್ಯಾಕೆ ದೊಡ್ಡಮ್ಮ ಇಷ್ಟೊಂದು ಸಂಕೋಚ? ನಮ್ಮನೇಲಿ ಇವತ್ತಿಗೂ ಹಾಲು ಹೆಪ್ಪಾಗ್ತಿರೋದು ನಿಮ್ಮನೆ ಮಜ್ಜಿಗೇಲಿ ಅಂತ ನಮ್ಮತ್ತೆ ಹೇಳ್ತಿರ್ತಾರೆ. ತಡೀರಿ, ಇವಳನ್ನ ಒಂಚೂರು ಹಿಡ್ಕೊಳ್ಳಿ."

ಮಗುವನ್ನು ಗೌರಮ್ಮನ ಕೈಗೆ ಕೊಟ್ಟು, ಬಾಟಲಿ ತೆಗೆದುಕೊಂಡು ಬಚ್ಚಲಿಗೆ ಹೋದಳು. ಮಗುವಿನ ಮೈಗೆ ಕೊತ್ತಂಬರಿಯ ವಾಸನೆಯಿತ್ತು, ಹಿತ್ತಿಲ ಪಾತಿಯಲ್ಲಿ ಆಡಿ ಬಂದಿರಬೇಕು. ಗಲ್ಲ, ಹುಬ್ಬು, ಕಿವಿಯ ಹಾಲೆ, ಎಲ್ಲ ತಾಯಿಯದೇ. ಅದು ಗೌರಮ್ಮನ ಕರಿಮಣಿ ಹಿಡಿದು ಎಳೆದು, ಬಾಯಿಗೆ ಹಾಕಿಕೊಂಡಿತು.

ಸಿಂಚನಳಿಗೆ ಕಾಯಿಲೆಯಿಲ್ಲ. ಅವಳ ಹೆಸರಿನಲ್ಲಿ ದಿವ್ಯಳ ನೀರು ಹೋದರೂ ಯಂತ್ರ ಅದನ್ನು ಮುಂದೆ ಯಾವ ಕಾಯಿಲೆಗೂ ಗಂಟು ಹಾಕದು, ಈ ಮಗುವಿಗೆ ಕೆಡುಕಾಗದು. ಅಷ್ಟನ್ನು ಗೌರಮ್ಮ ತನಗೆ ತಾನೇ ಹೇಳಿಕೊಂಡೇ ಬಂದಿದ್ದಳು. ಆದರೆ ಒಂದು ಮನೆಗೆ ಕೊಟ್ಟ ಕೈ ಇನ್ನೊಂದು ಮನೆಗೆ ಇಲ್ಲ ಎನ್ನಲಾರದು, ಈ ಊರಿನಲ್ಲಿ ಅದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ನನಗೆ ಕೊಡು, ಇನ್ನು ಯಾರಿಗೂ ಕೊಡಬೇಡ. ಎರಡೇ ಮಾತು. ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ಯಾಕೆಂದು ಹೇಳಿದರೆ ಈ ಬಾಟಲಿಯನ್ನೂ ಕೊಡುವುದಿಲ್ಲ.

ದಿವ್ಯ ಬಂದಳು. ಬಾಟಲಿಯನ್ನು ತೊಳೆದು, ಒರೆಸಿ, ಒಂದು ಬಾಳೆಲೆಯ ಚೂರಿನಲ್ಲಿ ಸುತ್ತಿ ಕೊಟ್ಟಳು. ಮಗುವಿನ ಬಾಯಿಂದ ಕರಿಮಣಿ ಬಿಡಿಸಿಕೊಂಡು ಗೌರಮ್ಮ ಅದನ್ನು ತಾಯಿಯ ಕಂಕುಳಿಗೆ ದಾಟಿಸಿದಳು.

"ದೀಪ ಹಚ್ಚೋ ಹೊತ್ತಾಯ್ತು, ಬರ್ತೀನಿ ಕಣವ್ವ" ಎಂದಳು. ಅಷ್ಟೇ ಎಂದಳು.

ಸೆರಗಿನೊಳಗೆ ಬಾಟಲಿ ಇನ್ನೂ ಬೆಚ್ಚಗಿತ್ತು. ಬೇಲಿಯ ಸಂದಿಯಲ್ಲಿ ಎದುರಿನಿಂದ ಇಬ್ಬರು ಮೂಲೆಮನೆಯ ಕಡೆಗೆ ಬರುತ್ತಿದ್ದರು, ಒಬ್ಬಳು ತಾಯಿ, ಹಿಂದೆ ಮದುವೆಯ ವಯಸ್ಸಿನ ಮಗಳು. ತಾಯಿಯ ಕೈಯೂ ಸೆರಗಿನೊಳಗಿತ್ತು. ಹುಡುಗಿಯ ಕಾಲಿನ ಗೆಜ್ಜೆ ಊದಿದ ಹರಡಿನ ಮಾಂಸದೊಳಗೆ ಹುದುಗಿ, ನಡೆದರೂ ಸದ್ದು ಮಾಡುತ್ತಿರಲಿಲ್ಲ. ಅವರು ಗೌರಮ್ಮನನ್ನು ಕಂಡು ತಲೆ ತಗ್ಗಿಸಿದರು.

ಗೌರಮ್ಮ ಬೇಲಿಗೆ ಒತ್ತಿ ನಿಂತು, ಅವರಿಗೆ ದಾರಿ ಬಿಟ್ಟಳು.